ಲಿಂಗನಮಕ್ಕಿ ಅಡಿಯ ಪಕ್ಕ ಯೂನಿಟ್ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹಿಡಿಯಿತು ಅಂದರೆ ನಿಮ್ಮ ಪತ್ರಿಕೆಯಲ್ಲಿ ಜಲಾಶಯಗಳ ಪಟ್ಟಿ ಬರುತ್ತದೆ. ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಇವತ್ತಿನ ಮಟ್ಟ ಇಷ್ಟು, ಕಳೆದ ವರ್ಷ ಇದೇ ದಿನ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್. ನನ್ನ ಅಂಗಡಿಗೆ ಬಂದು ಕೂತವರು ಪೇಪರ್ ತೆಗೆದರೆ ಮೊದಲು ನೋಡುವುದು ಅದನ್ನೇ. ಅಡಿಕೆ ಧಾರಣೆ ಆಮೇಲೆ. ಆ ಪಟ್ಟಿಗೆ ಒಂದೇ ಒಂದು ಅಂಕಣ ಸೇರಿಸಿ ಎಂದು ಕೇಳುವುದಕ್ಕೆ ಈ ಪತ್ರ. ಡ್ಯಾಂನಲ್ಲಿ ಇವತ್ತು ಎಷ್ಟು ಕೋಟಿ ಯೂನಿಟ್ ಕರೆಂಟ್ ಕೂತಿದೆ ಎನ್ನುವ ಅಂಕಣ.

ನಾನು ಸಾಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಸುಟ್ಟ ಪಂಪ್‌ಸೆಟ್ ಮೋಟಾರಿನ ಹಳೇ ಕಾಯಿಲ್ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಾಕಿ ಕೊಡುವುದು ಕೆಲಸ. ಡ್ಯಾಂ ವಿಷಯ ನನಗೆ ಯಾಕೆ ಅಂತ ಕೇಳಬಹುದು. ಕರೆಂಟ್ ಸರಿಯಾಗಿ ಬಂದರೆ ತೋಟದವರಿಗೆ ಲಾಭ, ಏರುಪೇರಾದರೆ ನನಗೆ ವ್ಯಾಪಾರ. ಎರಡೂ ಕಡೆಯಿಂದ ನನಗೆ ಸಂಬಂಧ ಇದೆ, ಅಲ್ವಾ?

ಕಳೆದ ಮಳೆಗಾಲದಲ್ಲಿ ಐದು ಎಚ್‌ಪಿ ಮೋಟಾರ್ ರಿಪೇರಿಗೆ ತಂದ ತೋಟದವರೊಬ್ಬರು ನಿಮ್ಮ ಪಟ್ಟಿ ನೋಡಿ, “ಇನ್ನು ಇಪ್ಪತ್ತೇ ಅಡಿ ಮಾರಾಯ, ನೂರಕ್ಕೆ ತೊಂಬತ್ತೊಂಬತ್ತು ತುಂಬಿತು. ಈ ಬೇಸಿಗೆ ಕರೆಂಟಿಗೆ ಚಿಂತೆ ಇಲ್ಲ” ಅಂದರು. 1799ನ್ನು 1819ರಿಂದ ಭಾಗಿಸಿದರೆ ಹಾಗೇ ಬರುತ್ತದೆ. ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ 1819 ಅಡಿ ಡ್ಯಾಂನ ಎತ್ತರ ಅಲ್ಲ. ಸಮುದ್ರ ಮಟ್ಟದಿಂದ ಅಳೆದದ್ದು. ಅಣೆಕಟ್ಟಿನ ಗೋಡೆ ಇರುವುದು ಹೆಚ್ಚೂಕಡಿಮೆ 200 ಅಡಿ. ಹೊನ್ನಾವರದ ಕಡಲಿಂದ ಲೆಕ್ಕ ಹಾಕಿದರೆ ಸಾಗರದಲ್ಲಿ ನನ್ನ ಅಂಗಡಿಯ ಮೆಟ್ಟಿಲೂ ಸಾವಿರದ ಏಳುನೂರು ಅಡಿಗಿಂತ ಮೇಲೇ ಇದೆ! 1799 ಅಡಿ ಅಂದ ದಿನ ಡ್ಯಾಂನ ಮೂರನೇ ಒಂದು ಪಾಲಾದರೂ ಖಾಲಿ ಇರುತ್ತದೆ. ಇದನ್ನು ಹೇಳಿದರೆ ನಂಬುವವರು ಕಡಿಮೆ. ಪೇಪರಿನಲ್ಲಿ ಬಂದಿದೆಯಲ್ಲ ಅನ್ನುತ್ತಾರೆ.

ಇನ್ನೊಂದು ತೊಡಕು, ಎಲ್ಲಾ ಅಡಿಗಳೂ ಒಂದೇ ಅಲ್ಲ. ಲಿಂಗನಮಕ್ಕಿ ನೇರ ಗೋಡೆಯ ಹೌದಿ ಅಲ್ಲ, ಬಾಣಲೆ ಥರ. ತಳದಲ್ಲಿ ಹಳೇ ಶರಾವತಿಯ ಕಣಿವೆ ಇಕ್ಕಟ್ಟು. ಮೇಲೆ ಹೋದ ಹಾಗೆ ಹಿನ್ನೀರು ತುಮರಿ, ಬ್ಯಾಕೋಡು, ಹೊಸನಗರದ ಕಡೆ ಹಳ್ಳಕೊಳ್ಳಕ್ಕೆಲ್ಲ ಹರಡುತ್ತದೆ. ಪೂರ್ತಿ ತುಂಬಿದಾಗ 300 ಚದರ ಕಿಲೋಮೀಟರಿಗೂ ಜಾಸ್ತಿ ಜಾಗ ನೀರಿನ ಕೆಳಗೆ. ಅಷ್ಟಗಲದ ಮೇಲೆ ಒಂದು ಅಡಿ ಏರಿತು ಅಂದರೆ ಮೂರು ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು) ಮೀರುತ್ತದೆ. ಕೊನೆಯ ಹತ್ತು ಅಡಿಯಲ್ಲೇ ಮೂವತ್ತರ ಹತ್ತಿರ. ಡ್ಯಾಂ ಹಿಡಿಯುವುದು ಒಟ್ಟು 151 ಟಿಎಂಸಿ ಚಿಲ್ಲರೆ. ಇಡೀ ಡ್ಯಾಂನ ಐದನೇ ಒಂದು ಪಾಲು ಆ ಹತ್ತು ಅಡಿಯಲ್ಲೇ ಇದೆ ಅಂದ ಹಾಗಾಯಿತು. ಜೂನ್ ಕೊನೆಯಲ್ಲಿ ಒಂದೇ ದಿನ ಎರಡು ಅಡಿ ಏರಿದರೆ ನೀವು ದೊಡ್ಡ ಅಕ್ಷರದಲ್ಲಿ ಹಾಕುತ್ತೀರಿ. ಸೆಪ್ಟೆಂಬರಿನಲ್ಲಿ ಅರ್ಧ ಅಡಿ ಏರಿದರೆ ಯಾರಿಗೂ ಲೆಕ್ಕಕ್ಕಿಲ್ಲ. ಆದರೆ ಆ ಅರ್ಧ ಅಡಿ ಎಷ್ಟು ಕರೆಂಟು ಅಂತ ಗೊತ್ತಾದರೆ ನೀವೂ ಜಾಗ ಬದಲಾಯಿಸುತ್ತೀರಿ.

ಅದನ್ನು ಹೇಳುವ ಮೊದಲು ನೀರು ಕರೆಂಟಾಗುವುದು ಹೇಗೆ ಅಂತ ಸ್ವಲ್ಪ ಬರೆಯುತ್ತೇನೆ. ನನ್ನ ಕಸುಬಿಗೆ ಹತ್ತಿರದ ವಿಷಯ, ಸ್ವಲ್ಪ ಉದ್ದವಾದರೆ ಕ್ಷಮೆ ಇರಲಿ. ಬೇಕಿದ್ದರೆ ಕತ್ತರಿ ಹಾಕಿ.

ಜೋಗ ಜಲಪಾತದಲ್ಲಿ ಬೀಳುವ ನೀರಿನಿಂದ ಕರೆಂಟ್ ಆಗುತ್ತದೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇಲ್ಲ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕರಲ್ಲೂ ಕಣ್ಣಿಗೆ ಕಾಣುವ ನೀರು ಅಲ್ಲಿ ಬೀಳುವಾಗ ಒಂದು ಬಲ್ಬನ್ನೂ ಉರಿಸುವುದಿಲ್ಲ. ಕೆಲಸ ಮಾಡುವ ನೀರು ಕಣ್ಣಿಗೆ ಕಾಣದ ಹಾಗೆ ಬೇರೆ ದಾರಿಯಲ್ಲಿ ಹೋಗುತ್ತದೆ. ಲಿಂಗನಮಕ್ಕಿಯ ಬುಡದಲ್ಲಿ ಮೊದಲು ಒಂದು ಸಣ್ಣ ಪವರ್ ಹೌಸ್, 55 ಮೆಗಾವ್ಯಾಟಿನದು. ಅಲ್ಲಿಂದ ಹೊರಬಿದ್ದ ನೀರು ಕಾಲುವೆಯಲ್ಲಿ ತಲಕಳಲೆ ಡ್ಯಾಂಗೆ. ಅಲ್ಲಿಂದ ಗುಡ್ಡದ ಅಂಚಿಗೆ, ಅಂಚಿನಿಂದ ಹತ್ತು ದೊಡ್ಡ ಉಕ್ಕಿನ ಪೈಪುಗಳಲ್ಲಿ ಘಟ್ಟದ ಕೆಳಗೆ. ಆ ಪೈಪಿಗೆ ಪೆನ್‌ಸ್ಟಾಕ್ ಅನ್ನುತ್ತಾರೆ. ಕೆಳಗೆ ಕಾಯುತ್ತಿರುವುದು ಶರಾವತಿ ಪವರ್ ಹೌಸ್. ಹತ್ತು ಪೈಪು, ಹತ್ತು ಯಂತ್ರ. ಒಂದೊಂದೂ 103.5 ಮೆಗಾವ್ಯಾಟ್, ಒಟ್ಟು 1035. ಶುರುವಿನಲ್ಲಿ ಒಂದೊಂದು 89.1 ಇತ್ತು, ಆಮೇಲೆ ಹೆಚ್ಚಿಸಿದರು.

ನಮ್ಮ ದೊಡ್ಡಪ್ಪನ ಮಗ ಅಲ್ಲಿ ಕೆಲಸದಲ್ಲಿದ್ದ. ಈಗ ನಿವೃತ್ತ. ಪರವಾನಗಿ ಸಿಗುತ್ತಿದ್ದ ಕಾಲದಲ್ಲಿ ನನ್ನನ್ನು ಒಳಗೆ ಕರೆದುಕೊಂಡು ಹೋಗಿದ್ದ. ಯಂತ್ರ ನೋಡುವ ಮೊದಲು ಕಾಲಿಗೆ ಗೊತ್ತಾಗುತ್ತದೆ, ನೆಲ ಸಣ್ಣಗೆ ನಡುಗುತ್ತಿರುತ್ತದೆ. ರಿಪೇರಿಗೆ ಅಂತ ಒಂದು ಚಕ್ರ ಹೊರಗೆ ತೆಗೆದಿಟ್ಟಿದ್ದರು. ಪೆಲ್ಟನ್ ಚಕ್ರ. ನನಗಿಂತ ಎತ್ತರ. ಅದರ ಅಂಚಿಗೆ ಸುತ್ತಲೂ ಬಕೆಟ್‌ಗಳು. ಬಕೆಟ್ ಅಂದರೆ ಬಾವಿಯ ಕೊಡಪಾನ ಥರ ಅಲ್ಲ. ಎರಡು ಬಟ್ಟಲು ಜೋಡಿಸಿ ನಡುವೆ ಚೂಪಾದ ಏಣು ಬಿಟ್ಟ ಆಕಾರ. ನೀರಿನ ಧಾರೆ ಸರಿಯಾಗಿ ಆ ಏಣಿಗೆ ಹೊಡೆದು ಎರಡು ಪಾಲಾಗುತ್ತದೆ. ಎರಡೂ ಕಡೆ ಬಟ್ಟಲಿನ ಒಳಮೈಯಲ್ಲಿ ಜಾರಿ ಬಂದ ದಿಕ್ಕಿಗೇ ತಿರುಗುತ್ತದೆ. ಹಾಗೆ ತಿರುಗುವಾಗ ತನ್ನ ಶಕ್ತಿಯನ್ನೆಲ್ಲ ಚಕ್ರಕ್ಕೆ ಕೊಟ್ಟು, ಸುಸ್ತಾಗಿ ಕೆಳಗೆ ಬೀಳುತ್ತದೆ. ಆ ಏಣಿನ ಮೇಲೆ ಬೆರಳಿಟ್ಟು ನೋಡಿದೆ. ಕೆಲವು ಕಡೆ ತರಿತರಿ. “ಮಳೆಗಾಲದ ನೀರಲ್ಲಿ ಮರಳು ಬರ್ತದೆ, ಉಕ್ಕನ್ನೂ ತಿಂತದೆ” ಅಂದ ಅಣ್ಣ. 440 ಮೀಟರ್ ಹತ್ತಿರ ಎತ್ತರದಿಂದ ಇಳಿದ ನೀರು ನಾಝಲ್, ಅಂದರೆ ಪೈಪಿನ ಕೊನೆಯ ಕಿರಿದಾದ ಬಾಯಿ, ಬಿಡುವಾಗ ಗಂಟೆಗೆ 300 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿರುತ್ತದೆ. ಮರಳಿನ ಒಂದು ಕಾಳೂ ಆ ವೇಗದಲ್ಲಿ ಸುಮ್ನೆ ಹೋಗುವುದಿಲ್ಲ.

ಚಕ್ರದ ಶಾಫ್ಟ್ ನೇರ ಮೇಲೆ ಹೋಗಿ ಜನರೇಟರ್ ತಿರುಗಿಸುತ್ತದೆ. ಇಲ್ಲಿಂದ ಮುಂದೆ ನನ್ನ ಸೀಮೆ. ನಾನು ಅಂಗಡಿಯಲ್ಲಿ ಸುತ್ತುವ ಮೋಟಾರ್ ಕರೆಂಟ್ ತಿಂದು ತಿರುಗುತ್ತದೆ. ಇದು ತಿರುಗಿ ಕರೆಂಟ್ ಕೊಡುತ್ತದೆ. ಸ್ಟೇಟರ್, ಸ್ಲಾಟ್, ಕಾಯಿಲ್ ಎಲ್ಲಾ ಅದೇ ಹೆಸರು, ಅದೇ ಜಾತಿ. ಒಳಗೆ ರೋಟರಿನ ಅಯಸ್ಕಾಂತ ತಿರುಗುತ್ತದೆ, ಹೊರಗಿನ ತಾಮ್ರದ ಕಾಯಿಲುಗಳಲ್ಲಿ ಕರೆಂಟ್ ಹುಟ್ಟುತ್ತದೆ. ತೋಟದ ಮೋಟಾರ್ ನಾಲ್ಕು ಪೋಲಿನದಾದರೆ (ಪೋಲ್ ಅಂದರೆ ಅಯಸ್ಕಾಂತದ ಧ್ರುವ) ನಿಮಿಷಕ್ಕೆ 1440 ಸುತ್ತು. ಇಲ್ಲಿ ಅಷ್ಟು ಭಾರದ ರೋಟರ್ ಆ ವೇಗದಲ್ಲಿ ತಿರುಗಿದರೆ ಕಟ್ಟಡ ಉಳಿಯುವುದಿಲ್ಲ. ಹಾಗಾಗಿ 20 ಪೋಲ್ ಇಟ್ಟು ನಿಮಿಷಕ್ಕೆ 300 ಸುತ್ತು. ಲೆಕ್ಕ ಹಾಕಿ ನೋಡಿ, ಮನೆಗೆ ಬರುವ ಕರೆಂಟಿನ ಹಾಗೆ ಸೆಕೆಂಡಿಗೆ ಸರಿಯಾಗಿ 50 ಸೈಕಲ್ ಬರುತ್ತದೆ. ನಮ್ಮ ಐದು ಎಚ್‌ಪಿ ಮೋಟಾರ್ ಏಳೆಂಟು ಆಂಪಿಯರ್ ಎಳೆದರೆ ಕೆಲಸ ಮುಗಿಯಿತು. ಅಲ್ಲಿ ಒಂದು ಯಂತ್ರ 11 ಸಾವಿರ ವೋಲ್ಟಿನಲ್ಲಿ ಐದಾರು ಸಾವಿರ ಆಂಪಿಯರ್ ಹೊರಗೆ ಕಳಿಸುತ್ತದೆ. ಅಲ್ಲಿಂದ ಟ್ರಾನ್ಸ್‌ಫಾರ್ಮರಿಗೆ ಹೋಗಿ 220 ಸಾವಿರ ವೋಲ್ಟ್ ಆಗಿ ಲೈನು ಹತ್ತುತ್ತದೆ. ಅಂಥ ಕಾಯಿಲ್ ಸುತ್ತುವವರ ಕೈಗೆ ನನ್ನದೊಂದು ನಮಸ್ಕಾರ.

ಈಗ ಲೆಕ್ಕಕ್ಕೆ ಬರುತ್ತೇನೆ. ಮನೆಯ ತಾರಸಿ ಮೇಲೆ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಇರುತ್ತದಲ್ಲ, ಅಷ್ಟು ನೀರು ತಲಕಳಲೆಯಿಂದ ಇಳಿದು ಆ ಚಕ್ರ ತಿರುಗಿಸಿದರೆ ಸಿಗುವುದು ಒಂದು ಯೂನಿಟ್ ಚಿಲ್ಲರೆ. ಅಷ್ಟೇ! ತೋಟದವರಿಗೆ ನಾನು ಹೇಳುವುದು ಹೀಗೆ: ನಿಮ್ಮ ಐದು ಎಚ್‌ಪಿ ಮೋಟಾರ್ ಒಂದು ಗಂಟೆ ಓಡಿದರೆ ನಾಲ್ಕು ಯೂನಿಟ್ ದಾಟುತ್ತದೆ, ಅಂದರೆ ಘಟ್ಟದ ಮೇಲಿಂದ ನಾಲ್ಕು ಟ್ಯಾಂಕ್ ನೀರು ಕೆಳಗೆ ಬಿತ್ತು ಅಂತ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ಉರಿಸುವ ಮನೆಗೆ 200 ಟ್ಯಾಂಕ್. ಹಾಗಂತ ಎಲ್ಲಾ ಕರೆಂಟೂ ಶರಾವತಿಯದೇ ಅಲ್ಲ, ಗ್ರಿಡ್ಡಿನಲ್ಲಿ ಎಲ್ಲಾ ಬೆರೆತು ಬರುತ್ತದೆ. ಲೆಕ್ಕ ಹಿಡಿಯುವುದಕ್ಕೆ ಹೇಳಿದೆ.

ಇದೇ ಲೆಕ್ಕದಲ್ಲಿ ಒಂದು ಟಿಎಂಸಿ ಅಂದರೆ ಹತ್ತಿರ ಹತ್ತಿರ ಮೂರು ಕೋಟಿ ಯೂನಿಟ್. ಡ್ಯಾಂ ತುಂಬುವ ಹೊತ್ತಿಗೆ ಒಂದು ಅಡಿ ಅಂದರೆ ಒಂಬತ್ತು ಹತ್ತು ಕೋಟಿ ಯೂನಿಟ್. ಸೆಪ್ಟೆಂಬರಿನ ಆ ಅರ್ಧ ಅಡಿ ಇದೆಯಲ್ಲ, ತಿಂಗಳಿಗೆ 200 ಯೂನಿಟ್ ಬಳಸುವ ಎರಡು ಲಕ್ಷಕ್ಕೂ ಜಾಸ್ತಿ ಮನೆಗಳಿಗೆ ಒಂದು ತಿಂಗಳು ಸಾಕು.

ಅಡಿಗಿಂತ ಯೂನಿಟ್ ಮುಖ್ಯ ಅನ್ನುವುದಕ್ಕೆ ಇನ್ನೂ ಒಂದು ಕಾರಣ ಇದೆ. ದೊಡ್ಡ ಪವರ್ ಹೌಸಿಗೆ ನೀರು ಬೀಳುವುದು ತಲಕಳಲೆಯಿಂದ, ಲಿಂಗನಮಕ್ಕಿಯಿಂದ ನೇರ ಅಲ್ಲ. ತಲಕಳಲೆಯ ಮಟ್ಟ ಅಷ್ಟಾಗಿ ಏರಿಳಿಯುವುದಿಲ್ಲ. ಲಿಂಗನಮಕ್ಕಿ 1819 ಇರಲಿ, 1760 ಇರಲಿ, ಕೆಳಗಿನ ಆ ಹತ್ತು ಯಂತ್ರಗಳಿಗೆ ಬೀಳುವ ಎತ್ತರ ಹೆಚ್ಚೂಕಡಿಮೆ ಒಂದೇ. ಬುಡದ 55 ಮೆಗಾವ್ಯಾಟಿನ ಸಣ್ಣ ಪವರ್ ಹೌಸಿಗೆ ಮಾತ್ರ ಅಡಿ ಇಳಿದರೆ ಶಕ್ತಿ ಇಳಿಯುತ್ತದೆ. ಹಾಗಾಗಿ ಬೇಕಾದದ್ದು ಎಷ್ಟು ನೀರಿದೆ ಎನ್ನುವ ಲೆಕ್ಕ. ಎಷ್ಟು ಎತ್ತರಕ್ಕೆ ನಿಂತಿದೆ ಅನ್ನುವುದು ಪ್ರವಾಸಿಗಳಿಗೆ, ಗೇಟು ತೆಗೆಯುವ ಎಂಜಿನಿಯರುಗಳಿಗೆ, ಹೊಳೆದಂಡೆಯವರಿಗೆ ಬೇಕು. ಅದೂ ಇರಲಿ, ತೆಗೆಯಿರಿ ಅಂತ ನಾನು ಹೇಳುತ್ತಿಲ್ಲ.

ಹತ್ತೂ ಯಂತ್ರ ಹಗಲೂ ರಾತ್ರಿ ಓಡಿದರೆ ದಿನಕ್ಕೆ ಎರಡೂವರೆ ಕೋಟಿ ಯೂನಿಟ್ ಬರುತ್ತದೆ. ಆದರೆ ತುಂಬಿದ ಡ್ಯಾಂ ಕೂಡಾ ಹೊಸ ಮಳೆ ಬಾರದಿದ್ದರೆ ಆರು ತಿಂಗಳಲ್ಲಿ ಬರಿದು. ಅದಕ್ಕೇ ಹಿಡಿದು ಹಿಡಿದು ಓಡಿಸುತ್ತಾರೆ. ನೀರಿನ ಯಂತ್ರದ ದೊಡ್ಡ ಗುಣ ಅಂದರೆ ನಿಂತದ್ದು ಕೆಲವೇ ನಿಮಿಷಗಳಲ್ಲಿ ಪೂರ್ತಿ ಶಕ್ತಿ ಕೊಡುತ್ತದೆ. ರಾಯಚೂರಿನ ಕಲ್ಲಿದ್ದಲಿನ ಬಾಯ್ಲರ್ ತಣ್ಣಗಿದ್ದರೆ ಬಿಸಿಯಾಗುವುದಕ್ಕೇ ಗಂಟೆಗಟ್ಟಲೆ ಬೇಕು. ಹಗಲು ಪಾವಗಡದ ಸೋಲಾರ್ ಕೊಡುತ್ತದೆ, ಸಂಜೆ ಆರಕ್ಕೆ ಕೈ ಎತ್ತುತ್ತದೆ. ಅದೇ ಹೊತ್ತಿಗೆ ಊರೆಲ್ಲ ದೀಪ, ಟಿವಿ, ಮಿಕ್ಸಿ. ಆಗ ಶರಾವತಿ ಬೇಕು. ಎಲ್ಲೋ ಒಂದು ಲೈನ್ ಟ್ರಿಪ್ ಆಗಿ ಬೇಡಿಕೆ ಒಮ್ಮೆಗೇ ಬಿದ್ದರೆ? ನಾಝಲ್ ಗಬಕ್ಕನೆ ಮುಚ್ಚುವ ಹಾಗಿಲ್ಲ, ಘಟ್ಟದಷ್ಟು ಎತ್ತರದ ನೀರು ಪೈಪಿನೊಳಗೆ ಗುದ್ದಿ ಉಕ್ಕನ್ನು ಸೀಳುತ್ತದೆ. ಅದಕ್ಕೆ ಧಾರೆಯ ಮುಂದೆ ಒಂದು ತಡೆ ಫಲಕ ಇದೆ, ಡಿಫ್ಲೆಕ್ಟರ್. ಅದು ಮೊದಲು ಧಾರೆಯನ್ನು ಚಕ್ರದಿಂದ ಪಕ್ಕಕ್ಕೆ ಸರಿಸುತ್ತದೆ. ಆಮೇಲೆ ನಾಝಲ್ ನಿಧಾನಕ್ಕೆ ಮುಚ್ಚುತ್ತದೆ. ಅಣ್ಣ ಇದನ್ನು ವಿವರಿಸುವಾಗ ಮುಖ ನೋಡಬೇಕಿತ್ತು. ಇಡೀ ಪವರ್ ಹೌಸಿನಲ್ಲಿ ಅವನಿಗೆ ತುಂಬ ಪ್ರೀತಿಯ ಸಾಮಾನು ಅದೇ ಇರಬೇಕು.

ಜನ ಪೂರ್ತಿ ನೀರನ್ನೇ ನಂಬಿದ ಕಾಲ ಒಂದಿತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. 1948ರಲ್ಲಿ ಜೋಗದ ಕೆಳಗೆ ಈಗಿನ ಮಹಾತ್ಮಾ ಗಾಂಧಿ ಪವರ್ ಹೌಸ್ ಬಂತು. 1964ರಲ್ಲಿ ಲಿಂಗನಮಕ್ಕಿ. ರಾಯಚೂರಿನ ಮೊದಲ ಘಟಕ 1985ರಲ್ಲಿ ಶುರುವಾಗುವ ತನಕ ಮಳೆ ಬಂದರೆ ಕರೆಂಟ್, ಇಲ್ಲದಿದ್ದರೆ ಕಡಿತ. ಈಗ ಹಾಗಿಲ್ಲ. ರಾಜ್ಯದ ಬೇಡಿಕೆ 17 ಸಾವಿರ ಮೆಗಾವ್ಯಾಟ್ ದಾಟಿದೆ, ಅದರಲ್ಲಿ ಶರಾವತಿಯ 1035 ಸಣ್ಣ ಪಾಲು. ಆದರೂ 2023ರಲ್ಲಿ ಏನಾಯಿತು? ಮುಂಗಾರು ಕೈಕೊಟ್ಟಿತು. ಡ್ಯಾಂ ತುಂಬಲಿಲ್ಲ. ಅಕ್ಟೋಬರಿನಲ್ಲೇ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟಿಗೆ ಕತ್ತರಿ ಬಿತ್ತು, ರೈತರು ಬೀದಿಗಿಳಿದರು. ಪಟ್ಟಿಯಲ್ಲಿ ಯೂನಿಟ್ ಲೆಕ್ಕ ಇದ್ದಿದ್ದರೆ ಆಗಸ್ಟಿನಲ್ಲೇ ಯಾರಾದರೂ ಕೇಳುತ್ತಿದ್ದರು: ಕಳೆದ ವರ್ಷಕ್ಕಿಂತ ಇಷ್ಟು ಕೋಟಿ ಕಡಿಮೆ ಇದೆಯಲ್ಲ, ಮುಂದೇನು?

ಗೇಟ್ ತೆಗೆದ ದಿನ ಬರುವ ಸುದ್ದಿಯ ಬಗ್ಗೆಯೂ ಒಂದು ಮಾತು. “ಶರಾವತಿ ನೀರು ಸಮುದ್ರದ ಪಾಲು” ಅಂತ ಶೀರ್ಷಿಕೆ ಹಾಕುತ್ತೀರಿ. ಗೇಟಿನಿಂದ ಹೋದ ನೀರು ದೊಡ್ಡ ಪವರ್ ಹೌಸಿಗೆ ಸಿಗುವುದಿಲ್ಲ, ನಿಜ. ಆದರೆ ಅದು ಜೋಗದಲ್ಲಿ ಧುಮುಕಿ ಕೆಳಗೆ ಗೇರುಸೊಪ್ಪ ಡ್ಯಾಂಗೇ ಬರುತ್ತದೆ. ಅಲ್ಲಿ 240 ಮೆಗಾವ್ಯಾಟಿನ ಪವರ್ ಹೌಸ್ ಇದೆ. ಅಲ್ಲೂ ಉಕ್ಕಿದರೆ ಮಾತ್ರ ಬರೀ ಹರಿದು ಹೋಗುವುದು. ಪವರ್ ಹೌಸಿನಿಂದ ಬಿಟ್ಟ ನೀರೂ ಕೊನೆಗೆ ಹೊನ್ನಾವರದ ಕಡಲಿಗೇ ಹೋಗುತ್ತದೆ, ಕರೆಂಟ್ ಮಾಡಿತು ಅಂತ ನೀರೇನು ಖರ್ಚಾಗುವುದಿಲ್ಲ. ಜೊತೆಗೆ ನದಿಯ ಬಾಯಲ್ಲಿ ಮೀನು ಹಿಡಿದು, ಚಿಪ್ಪು ಹೆಕ್ಕಿ ಬದುಕುವವರಿಗೆ ಆ ಸಿಹಿನೀರು ದಂಡ ಅಲ್ಲ.

ಈಗ ಭಾರೀ ಗಲಾಟೆಯಲ್ಲಿರುವ ಪಂಪ್ಡ್ ಸ್ಟೋರೇಜ್ ಬಗ್ಗೆ ಬೇಕೋ ಬೇಡವೋ ಎಂಬ ವಾದಕ್ಕೆ ಈ ಪತ್ರದಲ್ಲಿ ನಾನು ಇಳಿಯುವುದಿಲ್ಲ. ಸಿಂಗಳೀಕಗಳ ಕಾಡು ಅದು, ನನಗೆ ನನ್ನ ಅಭಿಪ್ರಾಯ ಇದೆ. ಆದರೆ “2000 ಮೆಗಾವ್ಯಾಟ್ ಹೊಸ ವಿದ್ಯುತ್ ಉತ್ಪಾದನೆ” ಅಂತ ಬರೆಯಬೇಡಿ. ಕರೆಂಟ್ ಮಿಕ್ಕ ಹೊತ್ತಿನಲ್ಲಿ ಗೇರುಸೊಪ್ಪದ ನೀರನ್ನು ತಲಕಳಲೆಗೆ ಮೇಲೆತ್ತಿ, ಬೇಕಾದ ಹೊತ್ತಿನಲ್ಲಿ ಕೆಳಗೆ ಬಿಡುವ ಯೋಜನೆ. ಎತ್ತುವುದಕ್ಕೆ ತಿನ್ನುವ ಕರೆಂಟ್ ಬಿಟ್ಟಾಗ ಬರುವುದಕ್ಕಿಂತ ಜಾಸ್ತಿ. ಪಂಪ್ ರಿಪೇರಿ ಮಾಡುವವನ ಮಾತು ನಂಬಿ, ಮೇಲೆತ್ತಿದ ನೀರು ಪೂರ್ತಿ ಲೆಕ್ಕ ಯಾವತ್ತೂ ವಾಪಸ್ ಕೊಡುವುದಿಲ್ಲ. ಅದು ಕೂಡಿಡುವ ವ್ಯವಸ್ಥೆ. ಒಳ್ಳೆಯದೋ ಕೆಟ್ಟದ್ದೋ ಓದುಗರು ಹೇಳಲಿ, ಏನು ಅಂತ ಮೊದಲು ಸರಿಯಾಗಿ ಬರೆಯಿರಿ.

ಆ 300 ಚದರ ಕಿಲೋಮೀಟರ್ ಅಂತ ಸಲೀಸಾಗಿ ಬರೆದುಬಿಟ್ಟೆ. ಅದರೊಳಗೆ ಗದ್ದೆ, ತೋಟ, ದೇವಸ್ಥಾನ, ಊರಿಗೂರೇ ಇದ್ದವು. ಅಲ್ಲಿಂದ ಎದ್ದು ಬಂದವರಲ್ಲಿ ಎಷ್ಟೋ ಜನಕ್ಕೆ ಇವತ್ತಿಗೂ ಕೂತ ಜಾಗದ ಹಕ್ಕುಪತ್ರ ಇಲ್ಲ. ನನ್ನ ಗಿರಾಕಿಗಳಲ್ಲಿ ಹಿನ್ನೀರಿನ ಆಚೆಯವರು ಸುಮಾರು ಜನ ಇದ್ದಾರೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಅವರ ಮನೆಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ದೀಪದ ಬುಡ ಕತ್ತಲು ಅನ್ನುವುದು ಅವರಿಗೆ ಬರೀ ಗಾದೆ ಅಲ್ಲ. ಸಿಗಂದೂರು ಸೇತುವೆ 2025ರಲ್ಲಿ ಆದ ಮೇಲೆ ಮೋಟಾರನ್ನು ಲಾಂಚಿಗೆ ಹತ್ತಿಸಿ ತರುವ ಪಾಡು ತಪ್ಪಿದೆ, ಅಷ್ಟು ಸಮಾಧಾನ.

ಕೊನೆಗೆ ನಾನು ಕೇಳುವುದು ಕಷ್ಟದ ಕೆಲಸ ಅಲ್ಲ. ಕರೆಂಟಿನ ಕಚೇರಿಗಳಲ್ಲಿ ಡ್ಯಾಂನ ಲೆಕ್ಕವನ್ನು ಮಿಲಿಯನ್ ಯೂನಿಟ್‌ನಲ್ಲೇ ಇಡುತ್ತಾರೆ. ಹತ್ತು ಮಿಲಿಯನ್ ಅಂದರೆ ಒಂದು ಕೋಟಿ, ಭಾಗಿಸಿ ಹಾಕಿದರಾಯಿತು. ಕರೆಂಟಿಗೆ ಅಂತ ಇರುವ ದೊಡ್ಡ ಡ್ಯಾಂಗಳು ಮೂರು: ಶರಾವತಿಗೆ ಲಿಂಗನಮಕ್ಕಿ, ಕಾಳಿಗೆ ಸೂಪಾ, ವಾರಾಹಿಗೆ ಮಾಣಿ. ಲಿಂಗನಮಕ್ಕಿಯದು ಅಡಿಯಲ್ಲಿ ಹಾಕುತ್ತೀರಿ, ಉಳಿದೆರಡು ಮೀಟರಿನಲ್ಲಿ. ಲಿಂಗನಮಕ್ಕಿಯ 1819 ಅಡಿಯನ್ನೂ ಸೂಪಾದ 564 ಮೀಟರನ್ನೂ ಪಕ್ಕಪಕ್ಕ ಇಟ್ಟು ಯಾರು ಏನು ಕೂಡಿಸಬೇಕು? ಯೂನಿಟ್‌ನಲ್ಲಿ ಹಾಕಿದರೆ ಮೂರನ್ನೂ ಕೂಡಿಸಿ ಕೆಳಗೆ ಒಟ್ಟು ಬರೆಯಬಹುದು. ಪಕ್ಕದಲ್ಲಿ ಕಳೆದ ವರ್ಷದ್ದು, ನಿನ್ನೆ ಎಷ್ಟು ಖರ್ಚಾಯಿತು ಅನ್ನುವುದು. ನಾಲ್ಕು ಸಾಲಿನ ಜಾಗ.

ಇನ್ನೊಂದು ವಿನಂತಿ. ಡ್ಯಾಂ ತುಂಬಿ ಬಾಗಿನ ಬಿಟ್ಟ ಚಿತ್ರ ಬಂದ ಮೇಲೆ ನಿಮ್ಮ ಪಟ್ಟಿ ಮಾಯ. ಮತ್ತೆ ಕಾಣುವುದು ಮುಂದಿನ ಜೂನಿನಲ್ಲಿ. ತೋಟಕ್ಕೆ ನೀರು ಬೇಕಾಗುವುದು ಫೆಬ್ರವರಿಯಿಂದ ಮೇ ತನಕ, ಡ್ಯಾಂ ಇಳಿಯುವುದೂ ಆಗಲೇ. ದಿನಾ ಬೇಡ, ವಾರಕ್ಕೊಮ್ಮೆ ಆದರೂ ಆ ತಿಂಗಳುಗಳಲ್ಲಿ ಹಾಕಿ. ಸೋಮವಾರ ಆದರೆ ಒಳ್ಳೆಯದು, ಭಾನುವಾರ ನನ್ನ ಅಂಗಡಿಗೆ ರಜೆ.

ಇಂತಿ,
ಮೋಟಾರ್ ವೈಂಡಿಂಗ್ ಅಂಗಡಿಯವ, ಸಾಗರ